ಪಿಪಿಟಿ ಇಲ್ಲದ ಸೆಮಿನಾರ್: ನನ್ನ ಅನುಭವ

ನಮ್ಮದು ರಾಜ್ಯದ ಒಂದು ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ವಿಭಾಗ. ಹತ್ತಿರ ಹತ್ತಿರ ಮೂರು ವರ್ಷದಿಂದ ನಮ್ಮ ಗುರುವಾರದ ರಿಸರ್ಚ್ ಸೆಮಿನಾರ್ ನಿಂತಿಲ್ಲ. "ಇದೆಲ್ಲ ಐಐಎಂಗಳಿಗೆ ಸರಿ, ನಮ್ಮಲ್ಲಿ ಎರಡು ವಾರ ನಡೆದರೆ ಹೆಚ್ಚು" ಅಂದವರೇ ಈಗ "ನಮ್ಮ ಪಿಎಚ್‌ಡಿ ಸ್ಕಾಲರ್‌ಗೂ ಒಂದು ಡೇಟ್ ಕೊಡಿ" ಅಂತ ಫೋನ್ ಮಾಡುತ್ತಾರೆ. ಇದನ್ನು ಹೇಗೆ ನಡೆಸುತ್ತೀರಿ ಅಂತ ಬೇರೆ ಕಡೆಯ ಗೆಳೆಯರೂ ಕೇಳುತ್ತಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಹಳೇ ಪದ್ಧತಿ ನಿಮಗೂ ಗೊತ್ತಲ್ವಾ? ಫ್ಲೆಕ್ಸ್, ದೀಪ, ಪ್ರಾರ್ಥನೆ, ಶಾಲು, ಹಾರ, ಪೇಟ, ಅತಿಥಿಗೆ ಬೆಂಗಳೂರಿನಿಂದ ಕಾರು, ಗೌರವಧನ, ಎಲ್ಲರಿಗೂ ಊಟ. ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ಸಾವಿರ ಸಲೀಸಾಗಿ ಹೋಗುತ್ತಿತ್ತು. ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ ಎಲ್ಲ ಕಳೆದು ಸಂಶೋಧನೆಗೆ ಉಳಿಯುತ್ತಿದ್ದುದು ಮುಕ್ಕಾಲು ಗಂಟೆ. ಆಮೇಲೆ ಅಡ್ವಾನ್ಸ್ ಸೆಟಲ್ ಮಾಡಲು ಫೈನಾನ್ಸ್ ಸೆಕ್ಷನ್‌ಗೆ ತಿಂಗಳುಗಟ್ಟಲೆ ಅಲೆದಾಟ. ಈಗ ಒಂದು ಗುರುವಾರಕ್ಕೆ ಆರುನೂರು-ಏಳುನೂರು ರೂಪಾಯಿ. ಜೆರಾಕ್ಸ್, ಟೀ, ಮಂಡಕ್ಕಿ, ಮಿರ್ಚಿ. ಅಷ್ಟೇ.

ಇಲ್ಲಿಗೆ ಬರುವ ಮೊದಲು ಹಲವು ದಾರಿ ಹಿಡಿದು ನೋಡಿದ್ದಾಯಿತು. ಶನಿವಾರ ಇಟ್ಟರೆ ಸ್ಕಾಲರ್‌ಗಳು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುತ್ತಾರೆ. ಗೂಗಲ್ ಮೀಟ್‌ನಲ್ಲಿ ಮಾಡಿದಾಗ ಅರವತ್ತು-ಎಪ್ಪತ್ತು ಹೆಸರು ಕಾಣುತ್ತಿದ್ದವು, ಕ್ಯಾಮೆರಾ ಒಂದೂ ಆನ್ ಇಲ್ಲ. ಫೀಡ್‌ಬ್ಯಾಕ್ ಲಿಂಕ್ ಬಿದ್ದ ತಕ್ಷಣ ಎಲ್ಲರೂ ಮಾಯ. ಅವರಿಗೆ ಬೇಕಾಗಿದ್ದು ಇ-ಸರ್ಟಿಫಿಕೇಟ್. ಸರ್ಟಿಫಿಕೇಟ್ ಕೊಡುವುದನ್ನೇ ನಿಲ್ಲಿಸಿದೆ. ಏಳೆಂಟು ಜನ ಉಳಿದರು. ಆ ಏಳೆಂಟು ಜನರೇ ಸಾಕು ಅಂತ ಅಲ್ಲಿಂದ ಶುರು ಮಾಡಿದೆ. ಆ ಹೊತ್ತಿಗೆ ಸರಿಯಾಗಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್‌ಡಿ ನಿಯಮ ಬಂತು. ಥೀಸಿಸ್ ಕೊಡುವ ಮೊದಲು ಪೇಪರ್ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯ ಹೋಯಿತು. "ಇನ್ನು ಯಾರು ಬರ್ತಾರೆ ನಿಮ್ಮ ಸೆಮಿನಾರ್‌ಗೆ?" ಅಂತ ಹಿರಿಯರೊಬ್ಬರು ನಕ್ಕರು.

ಪದ್ಧತಿ ನನ್ನದೇನೂ ಅಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ವರ್ಕ್‌ಶಾಪ್‌ಗಳಲ್ಲಿ ಪೇಪರನ್ನು ಮೊದಲೇ ಹಂಚುತ್ತಾರೆ, ಓದಿಕೊಂಡೇ ಬರಬೇಕು. ನಾನು ಅದಕ್ಕೆ ನಮ್ಮ ಊರಿನ ಒಗ್ಗರಣೆ ಹಾಕಿದೆ. ಪಿಪಿಟಿ ಇಲ್ಲ. ಸೋಮವಾರ ಹತ್ತು ಪುಟದ ಡ್ರಾಫ್ಟ್ ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೆ. ಗುರುವಾರ ಬರೆದವರಿಗೆ ಐದೇ ನಿಮಿಷ. ಮೊದಲ ಅರ್ಧ ಗಂಟೆ ಸ್ಕಾಲರ್‌ಗಳು ಮಾತ್ರ ಕೇಳಬೇಕು, ಪ್ರೊಫೆಸರ್‌ಗಳು ಸುಮ್ನೆ ಕೂರಬೇಕು. ಗೈಡ್ ತಮ್ಮ ಸ್ಕಾಲರ್ ಪರವಾಗಿ ಉತ್ತರ ಕೊಡುವ ಹಾಗಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ್ದು. "ಸರ್, ಅವರೇ ಹೇಳಲಿ ಬಿಡಿ" ಅಂತ ಅದೆಷ್ಟು ಸಲ ಹೇಳಿದ್ದೇನೋ. ಒಬ್ಬರು ಎದ್ದು ಹೋದರು. ಮುಂದಿನ ತಿಂಗಳು ತಾವಾಗೇ ಬಂದರು.

ಇದರಿಂದ ಏನಾಗುತ್ತೆ ಅಂತ ಒಂದು ಉದಾಹರಣೆ. ಮೊಬೈಲ್ ಬ್ಯಾಂಕಿಂಗ್ ತೃಪ್ತಿಯ ಮೇಲೊಂದು ಡ್ರಾಫ್ಟ್ ಬಂತು. ಸ್ಯಾಂಪಲ್, ಅಂದರೆ ಫಾರಂ ತುಂಬಿದವರು, 384 ಜನ. ನಮ್ಮ ಕಾಮರ್ಸ್ ಥೀಸಿಸ್‌ಗಳಲ್ಲಿ ಈ 384 ಬಿಟ್ಟರೆ ಬೇರೆ ಸಂಖ್ಯೆಯೇ ಇಲ್ಲವೇನೋ! ಎಷ್ಟು ಜನರಿರುವ ಗುಂಪಿಗೆ ಎಷ್ಟು ಸ್ಯಾಂಪಲ್ ಬೇಕು ಅಂತ ಕ್ರೇಜ್ಸಿ, ಮಾರ್ಗನ್ ಅನ್ನುವ ಇಬ್ಬರು ಸಂಶೋಧಕರು 1970ರಲ್ಲಿ ಕೊಟ್ಟ ಟೇಬಲ್ಲಿನ ಕೊಡುಗೆ ಅದು. ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ಅಳೆಯುವ ಸಂಖ್ಯೆ) 0.7ಕ್ಕಿಂತ ಮೇಲೆ, ಎಲ್ಲ ನೀಟಾಗಿತ್ತು. ಆಗ ಕೋರ್ಸ್‌ವರ್ಕ್ ಕೂಡ ಮುಗಿಯದ ಹುಡುಗಿಯೊಬ್ಬಳು ಮೆಲ್ಲಗೆ, "ಮೇಡಂ, ಫಾರಂ ಎಲ್ಲಿ ಕೂತು ತುಂಬಿಸಿದ್ರಿ?" ಅಂದಳು. ಎರಡು ಬ್ರಾಂಚ್‌ಗಳ ಕೌಂಟರ್ ಮುಂದೆ. ಅಂದರೆ ಮೊಬೈಲ್ ಬ್ಯಾಂಕಿಂಗ್ ಬಳಸುವವರನ್ನು ಬ್ಯಾಂಕಿನ ಕ್ಯೂನಲ್ಲಿ ಹುಡುಕಿದ್ದಾರೆ. ಆ ಟೇಬಲ್ ಇರುವುದು ರ‍್ಯಾಂಡಮ್ ಸ್ಯಾಂಪಲ್‌ಗೆ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದವರಿಗೆ. ಸಿಕ್ಕವರನ್ನೆಲ್ಲ ಹಿಡಿದು ತುಂಬಿಸಿದರೆ 384 ಆದರೇನು, ಸಾವಿರ ಆದರೇನು? ಹಿಂದಿನ ಸೆಮಿನಾರ್‌ಗಳಲ್ಲಿ ಇಂಥ ಪೇಪರ್‌ಗೆ ಚಪ್ಪಾಳೆ ತಟ್ಟಿ ಫೋಟೋ ತೆಗೆಸಿಕೊಳ್ಳುತ್ತಿದ್ದೆವು.

"ದೊಡ್ಡವರ ಮುಂದೆ ಮಕ್ಕಳು ಬಾಯಿ ಬಿಡಲ್ಲ" ಅಂತ ಕೆಲವರು ಅಂದಿದ್ದರು. ಬಿಡಿಸಬಹುದು. ಮೊದಲ ಪ್ರಶ್ನೆ ಯಾರಿಂದ ಬರಬೇಕು ಅಂತ ನಾನು ಬುಧವಾರವೇ ಗೊತ್ತು ಮಾಡಿರುತ್ತೇನೆ. ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನಮ್ಮ ಸ್ಕಾಲರ್‌ಗಳೂ ಇದನ್ನು ಓದುತ್ತಾರೆ.

ನಡುವೆ ಒಂದು ಆಟ ಆಡಿದೆವು. ಶೀರ್ಷಿಕೆ, ಸಾರಾಂಶ ಎಲ್ಲ ಮುಚ್ಚಿ ಬರೀ ರಿಗ್ರೆಷನ್ ಟೇಬಲ್ (ಯಾವ ಅಂಶಕ್ಕೆ ಯಾವುದರ ಜೊತೆ ಎಷ್ಟು ಸಂಬಂಧ ಅಂತ ಅಂಕಿಗಳಲ್ಲಿ ತೋರಿಸುವ ಪಟ್ಟಿ) ಹಂಚುವುದು. ಈ ಪೇಪರ್ ಏನು ಹೇಳುತ್ತಿರಬಹುದು ಅಂತ ಊಹಿಸುವುದು. ಫಲಿತಾಂಶ ಆಕಸ್ಮಿಕವಲ್ಲ ಅಂತ ಸೂಚಿಸುವ ಸ್ಟಾರ್ ಗುರುತು ಎಣಿಸುವವರು ಯಾರು, ಸಂಬಂಧ ಎಷ್ಟು ದೊಡ್ಡದು ಅಂತ ಹೇಳುವ ಕೋಎಫಿಷಿಯಂಟ್ ಓದುವವರು ಯಾರು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ. ಪ್ರೊಫೆಸರ್‌ಗಳದ್ದೂ ಗೊತ್ತಾಗುತ್ತೆ, ಹಾಗಾಗಿ ಅದನ್ನು ಜಾಸ್ತಿ ಆಡುವುದಿಲ್ಲ. ಪ್ರಶ್ನೆ ಕನ್ನಡದಲ್ಲೇ ಕೇಳಬಹುದು ಅಂತ ಮಾಡಿದ್ದು ಮಾತ್ರ ಕಾಯಂ ಆಯಿತು. ಸ್ವಸಹಾಯ ಸಂಘಗಳ ಮೇಲೆ ಕೆಲಸ ಮಾಡುವ ಹುಡುಗರು ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದರು. ಈಗ ಯಾವ ಸಂಘದಲ್ಲಿ ಯಾರು ಯಾರ ಹೆಸರಲ್ಲಿ ಸಾಲ ತೆಗೆದರು ಅನ್ನುವುದನ್ನೂ ಬಿಡಿಸಿ ಹೇಳುತ್ತಾರೆ. ಪೇಪರ್‌ನಲ್ಲಿ ಬರಬೇಕಾಗಿದ್ದೇ ಅದು.

ಕೆಲವು ಡ್ರಾಫ್ಟ್‌ಗಳು ಎಬಿಡಿಸಿ (ಆಸ್ಟ್ರೇಲಿಯಾದ ಬಿಸಿನೆಸ್ ಡೀನ್‌ಗಳ ಮಂಡಳಿ) ಪಟ್ಟಿಯ ಜರ್ನಲ್‌ಗಳಿಗೆ ಹೋಗಿವೆ, ಒಂದೆರಡು ಪ್ರಕಟವಾಗಿಯೂ ಇವೆ. ಇನ್ನೊಂದೇ ತಲೆನೋವು: ಏಳುನೂರು ರೂಪಾಯಿಯ ಖರ್ಚಿಗೆ ಸೆಮಿನಾರ್ ಹೆಡ್‌ನಲ್ಲಿ (ಲೆಕ್ಕದ ಬಾಬ್ತಿನಲ್ಲಿ) ಬಿಲ್ ಹಾಕಿದರೆ ಫೈಲ್ ವಾಪಸ್ ಬರುತ್ತೆ. ಫೋಟೋ ಎಲ್ಲಿ, ಬ್ಯಾನರ್ ಎಲ್ಲಿ, ಅತಿಥಿ ಯಾರು ಅಂತ ಕೇಳುತ್ತಾರೆ. ಸದ್ಯಕ್ಕೆ ಜೆರಾಕ್ಸ್ ಸ್ಟೇಷನರಿ ಹೆಡ್‌ನಲ್ಲಿ ಹೋಗುತ್ತಿದೆ. ಮಿರ್ಚಿ ನನ್ನ ಜೇಬಿನಿಂದ.