ಕಾರ್ಡ್ ತುಂಬಿತೇ? ಆಟ ಅಳಿಸುವ ಮೊದಲು ಇಷ್ಟು ಮಾಡಿ

ಹಳೆಯ ವಿಡಿಯೋ ಗೇಮ್‌ಗಳನ್ನು ಎಮ್ಯುಲೇಟರ್‌ನಲ್ಲಿ (ಹಳೆಯ ಗೇಮ್ ಯಂತ್ರದಂತೆ ವರ್ತಿಸುವ ತಂತ್ರಾಂಶದಲ್ಲಿ) ಆಡುವವರಿಗೆ ಒಂದಲ್ಲ ಒಂದು ದಿನ 'ಜಾಗ ಇಲ್ಲ' ಎಂಬ ಸಂದೇಶ ಬಂದೇ ಬರುತ್ತದೆ. ನನಗೆ ಬಂದಾಗ ಒಂದು ಸಂಜೆ ಪೂರ್ತಿ ಕೂತು, ಆಡದೇ ಬಿದ್ದಿದ್ದ ಮುನ್ನೂರು ಕಾರ್ಟ್ರಿಡ್ಜ್ (ಡಿಸ್ಕ್‌ಗೂ ಮೊದಲಿನ ಚಿಪ್ ಪೆಟ್ಟಿಗೆ) ಆಟಗಳನ್ನು ಅಳಿಸಿದೆ. ಸಿಕ್ಕ ಜಾಗ 100 ಎಂಬಿಯೂ ಇರಲಿಲ್ಲ. ಮರುದಿನ ಒಂದೇ ಒಂದು ಪ್ಲೇಸ್ಟೇಷನ್ ಸಿಡಿಯ ಫೈಲನ್ನು ಕಂಪ್ಯೂಟರ್‌ಗೆ ಸಾಗಿಸಿದೆ. 600 ಎಂಬಿ ಖಾಲಿಯಾಯಿತು! ಅಳಿಸಿದ ಆಟಗಳಲ್ಲಿ ಎಷ್ಟನ್ನೋ ಆಮೇಲೆ ಮತ್ತೆ ಹಾಕಿಕೊಂಡೆ. ಒಂದೂ ಆಟ ಕಳೆದುಕೊಳ್ಳದೆ ಜಾಗ ಮಾಡಿಕೊಳ್ಳಬಹುದು. ಹೇಗೆ ಅಂತ ನೋಡೋಣ.

ಮೊದಲು ಅಳೆಯಿರಿ

ಕಾರ್ಡ್ ಅಥವಾ ಡ್ರೈವನ್ನು ಕಂಪ್ಯೂಟರ್‌ಗೆ ಹಾಕಿ, ಯಾವ ಫೋಲ್ಡರ್ ಎಷ್ಟು ದೊಡ್ಡದು ನೋಡಿ. ವಿಂಡೋಸ್‌ನಲ್ಲಿ ವಿಜ್‌ಟ್ರೀ, ಲಿನಕ್ಸ್‌ನಲ್ಲಿ ಎನ್‌ಸಿಡಿಯು ಎಂಬ ಉಚಿತ ತಂತ್ರಾಂಶಗಳು ಇದನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತವೆ.

ಲೆಕ್ಕ ಸುಮಾರು ಹೀಗಿರುತ್ತದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಬರೀ 40 ಕೆಬಿ. ಸೂಪರ್ ನಿಂಟೆಂಡೊದ ಅತಿ ದೊಡ್ಡ ಆಟಗಳೂ 6 ಎಂಬಿ ಅಷ್ಟೇ. ನಿಂಟೆಂಡೊ 64ರಲ್ಲಿ 64 ಎಂಬಿಗೆ ಮಿತಿ ಮುಗಿಯುತ್ತದೆ. ಡಿಸ್ಕ್ ಬಂದ ಮೇಲೆ ಚಿತ್ರವೇ ಬೇರೆ. ಪ್ಲೇಸ್ಟೇಷನ್ ಸಿಡಿ ಒಂದಕ್ಕೆ 700 ಎಂಬಿವರೆಗೆ, ಡ್ರೀಮ್‌ಕಾಸ್ಟ್ ಡಿಸ್ಕಿಗೆ ಸುಮಾರು 1 ಜಿಬಿ, ಪ್ಲೇಸ್ಟೇಷನ್ 2ರ ಡಿವಿಡಿಗೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಕಾರ್ಟ್ರಿಡ್ಜ್ ಆಟಗಳನ್ನು ಸುಮ್ನೆ ಅವುಗಳ ಪಾಡಿಗೆ ಬಿಡಿ. ಕೆಲಸ ಇರುವುದು ಡಿಸ್ಕ್ ಆಟಗಳಲ್ಲಿ.

ಏನೇ ಮುಟ್ಟುವ ಮೊದಲು ಸೇವ್ ಫೈಲ್

ಆಟ ಕಳೆದುಹೋದರೆ ನಿಮ್ಮ ಹತ್ತಿರ ಇರುವ ಡಿಸ್ಕ್‌ನಿಂದ ಮತ್ತೆ ಫೈಲ್ ಮಾಡಿಕೊಳ್ಳಬಹುದು. ನಲವತ್ತು ಗಂಟೆ ಆಡಿ ತಲುಪಿದ ಜಾಗ ಕಳೆದುಹೋದರೆ ಅದು ಹೋದ ಹಾಗೆಯೇ. ಆಟದಲ್ಲಿ ಎಲ್ಲಿಗೆ ಬಂದಿರಿ ಎಂಬುದನ್ನು ಉಳಿಸುವ ಈ ಸೇವ್ ಫೈಲ್‌ಗಳು ತೀರಾ ಚಿಕ್ಕವು. ಪ್ಲೇಸ್ಟೇಷನ್ ಮೆಮೊರಿ ಕಾರ್ಡ್ 128 ಕೆಬಿ, ಪ್ಲೇಸ್ಟೇಷನ್ 2ರದ್ದು 8 ಎಂಬಿ. ಎಲ್ಲವನ್ನೂ ಸೇರಿಸಿ ಎರಡು ಕಡೆ ಪ್ರತಿ ಇಟ್ಟುಕೊಂಡರೂ ಭಾರವಾಗುವುದಿಲ್ಲ.

ಸೇವ್ ಸ್ಟೇಟ್ ಎಂಬುದು ಬೇರೆ. ಅದು ಆಟದ ಆ ಕ್ಷಣದ ಪೂರ್ತಿ ನಕಲು. ಗಾತ್ರ ಜಾಸ್ತಿ, ಜೊತೆಗೆ ಎಮ್ಯುಲೇಟರ್‌ನ ಹೊಸ ಆವೃತ್ತಿಯಲ್ಲಿ ತೆರೆಯದೇ ಹೋಗಬಹುದು. ಹಳೆಯ ಸ್ಟೇಟ್‌ಗಳು ಬೇಡವಾದರೆ ತೆಗೆಯಿರಿ. ಅದಕ್ಕೂ ಮೊದಲು ಆಟದ ಒಳಗೇ ಒಮ್ಮೆ ಸೇವ್ ಮಾಡಿ.

ಸಿಡಿ ಆಟಗಳನ್ನು ಸಿಎಚ್‌ಡಿ ಮಾಡಿ

ಸಿಡಿ ಆಟ ಸಾಮಾನ್ಯವಾಗಿ ದೊಡ್ಡದೊಂದು ಬಿನ್ ಫೈಲ್, ಪುಟ್ಟದೊಂದು ಕ್ಯೂ ಫೈಲ್ ಆಗಿರುತ್ತದೆ. ಕೆಲವದರಲ್ಲಿ ಹಾಡಿಗೊಂದರಂತೆ ಇಪ್ಪತ್ತು ಬಿನ್ ಫೈಲ್ ಕೂಡ ಇರುತ್ತವೆ. ಇವೆಲ್ಲ ಸೇರಿ ಸಿಎಚ್‌ಡಿ ಎಂಬ ಒಂದೇ ಫೈಲ್ ಆಗುತ್ತದೆ. ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರ) ಆಟಗಳ ಎಮ್ಯುಲೇಟರ್ ಮೇಮ್‌ಗಾಗಿ ಹುಟ್ಟಿದ ಈ ರೂಪವನ್ನು ಈಗ ರೆಟ್ರೋಆರ್ಚ್, ಡಕ್‌ಸ್ಟೇಷನ್, ಪಿಸಿಎಸ್‌ಎಕ್ಸ್2, ಫ್ಲೈಕಾಸ್ಟ್ ಎಂಬ ಎಮ್ಯುಲೇಟರ್‌ಗಳೆಲ್ಲವೂ ನೇರವಾಗಿ ಓದುತ್ತವೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು, ಡೇಟಾ ಒಂದು ಚೂರೂ ಕಳೆಯುವುದಿಲ್ಲ. ಹಾಡುಗಳನ್ನು ಫ್ಲ್ಯಾಕ್ ಎಂಬ ಧ್ವನಿ ರೂಪದಲ್ಲಿ ಒತ್ತಿಡುತ್ತದೆ, ದನಿ ಕೆಡುವುದಿಲ್ಲ. ಬೇಕೆಂದಾಗ ಮತ್ತೆ ಬಿನ್ ಮತ್ತು ಕ್ಯೂ ಆಗಿ ಬಿಡಿಸಿಕೊಳ್ಳಬಹುದು. ಎಷ್ಟು ಜಾಗ ಉಳಿತಾಯವಾಗುತ್ತದೆ ಎಂಬುದು ಆಟದ ಮೇಲೆ ಹೋಗುತ್ತದೆ. ಕೆಲವು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ವಿಡಿಯೋ ತುಂಬಿರುವ ಆಟಗಳು ಅಷ್ಟೇನೂ ಇಳಿಯುವುದಿಲ್ಲ, ಯಾಕೆಂದರೆ ವಿಡಿಯೋವನ್ನು ಮೊದಲೇ ಒತ್ತಿ ಇಟ್ಟಿರುತ್ತಾರೆ.

ಬೇಕಾದ ತಂತ್ರಾಂಶ ಸಿಎಚ್‌ಡಿಮ್ಯಾನ್. ಮೇಮ್ ಜೊತೆಗೇ ಬರುತ್ತದೆ. ಕಮಾಂಡ್ ಕಿಟಕಿಯಲ್ಲಿ ಮೂರು ಸಂಗತಿ ಹೇಳಬೇಕು: ಏನು ಮಾಡಬೇಕು, ಯಾವ ಫೈಲ್‌ನಿಂದ, ಯಾವ ಹೆಸರಿಗೆ. ಸಿಡಿಗೆ 'ಕ್ರಿಯೇಟ್‌ಸಿಡಿ', ಪ್ಲೇಸ್ಟೇಷನ್ 2 ಡಿವಿಡಿಯ ಐಎಸ್‌ಒ (ಡಿಸ್ಕಿನ ಪೂರ್ತಿ ನಕಲು) ಫೈಲ್‌ಗೆ 'ಕ್ರಿಯೇಟ್‌ಡಿವಿಡಿ'. ಸಿಡಿ ಆಟದಲ್ಲಿ ಕೊಡಬೇಕಾದದ್ದು ಕ್ಯೂ ಫೈಲ್, ಬಿನ್ ಅಲ್ಲ. ಬಿನ್ ಹೆಸರನ್ನು ನೀವು ಯಾವಾಗಲೋ ಬದಲಿಸಿದ್ದರೆ ಇಲ್ಲಿ ನಿಲ್ಲುತ್ತದೆ. ಕ್ಯೂ ಫೈಲ್ ಒಳಗೆ ಬಿನ್‌ನ ಹಳೆಯ ಹೆಸರು ಬರೆದಿರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಸರಿಮಾಡಿ.

ಈ ಕೆಲಸ ಕಾರ್ಡ್ ಮೇಲೆ ಮಾಡಬೇಡಿ. ಸ್ವಲ್ಪ ಹೊತ್ತು ಹಳೆಯದೂ ಹೊಸದೂ ಎರಡೂ ಇರಬೇಕಾಗುತ್ತದೆ, ತುಂಬಿದ ಕಾರ್ಡ್‌ನಲ್ಲಿ ಅದಕ್ಕೆ ಜಾಗ ಎಲ್ಲಿ, ಅಲ್ವಾ? ಕಂಪ್ಯೂಟರ್‌ಗೆ ತಂದು ಮಾಡಿ. ಮುಗಿದ ಮೇಲೆ 'ವೆರಿಫೈ' ಆದೇಶ ಕೊಟ್ಟು ಹೊಸ ಫೈಲ್ ಸರಿಯಿದೆಯೇ ಪರೀಕ್ಷಿಸಿ.

ಹೆಸರಿನ ವಿಷಯದಲ್ಲಿ ಹುಷಾರು. ರೆಟ್ರೋಆರ್ಚ್ ಸೇವ್ ಫೈಲನ್ನು ಗುರುತಿಸುವುದು ಆಟದ ಫೈಲ್ ಹೆಸರಿನಿಂದ. ಕ್ಯೂ ಫೈಲ್‌ಗೆ ಯಾವ ಹೆಸರಿತ್ತೋ ಸಿಎಚ್‌ಡಿಗೂ ಅದೇ ಇಡಿ. ಫೈನಲ್ ಫ್ಯಾಂಟಸಿ 7ರ ಹಾಗೆ ಮೂರು ಡಿಸ್ಕ್ ಇರುವ ಆಟಕ್ಕೆ ಎಂ3ಯು ಎಂಬ ಚಿಕ್ಕ ಪಠ್ಯ ಫೈಲ್ ಮಾಡಿ, ಸಾಲಿಗೊಂದರಂತೆ ಮೂರು ಸಿಎಚ್‌ಡಿ ಹೆಸರು ಬರೆದು, ಆಟವನ್ನು ಅದರಿಂದಲೇ ತೆರೆಯಿರಿ. ಆಗ ಸೇವ್ ಆ ಎಂ3ಯು ಹೆಸರಿನಲ್ಲಿ ಕೂರುತ್ತದೆ, ಡಿಸ್ಕ್ ಬದಲಿಸಿದರೂ ಕಳೆಯುವುದಿಲ್ಲ.

ಗೇಮ್‌ಕ್ಯೂಬ್, ವೀ ಆಟಗಳಿಗೆ ಆರ್‌ವಿಝಡ್

ಗೇಮ್‌ಕ್ಯೂಬ್, ವೀ ಎರಡೂ ನಿಂಟೆಂಡೊದ ಯಂತ್ರಗಳು. ಗೇಮ್‌ಕ್ಯೂಬ್ ಡಿಸ್ಕ್ ಫೈಲ್ ಯಾವಾಗಲೂ ಸುಮಾರು 1.46 ಜಿಬಿ. ಆಟ ಚಿಕ್ಕದಾದರೂ ಅಷ್ಟೇ. ಉಳಿದ ಜಾಗಕ್ಕೆ ಅರ್ಥವಿಲ್ಲದ ಡೇಟಾ ತುಂಬಿರುತ್ತಾರೆ, ಅದನ್ನು ಜಿಪ್ ಮಾಡಿದರೆ ಕುಗ್ಗುವುದೂ ಇಲ್ಲ. ಡಾಲ್ಫಿನ್ ಎಮ್ಯುಲೇಟರ್‌ನ ಆರ್‌ವಿಝಡ್ ರೂಪ ಆ ಡೇಟಾ ಹುಟ್ಟಿದ ಸೂತ್ರವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಬೇಕಾದಾಗ ಅದರಿಂದ ಮೂಲ ಡಿಸ್ಕ್ ಫೈಲನ್ನು ಪೂರ್ತಿ ಕಟ್ಟಬಹುದು. ಡಾಲ್ಫಿನ್ ಪಟ್ಟಿಯಲ್ಲಿ ಆಟದ ಮೇಲೆ ಬಲ ಕ್ಲಿಕ್ ಮಾಡಿ 'ಕನ್ವರ್ಟ್ ಫೈಲ್' ಒತ್ತಿದರೆ ಸಾಕು.

ಚಿತ್ರ, ವಿಡಿಯೋ, ಆರ್ಕೇಡ್

ಮೆನುವಿನಲ್ಲಿ ಆಟದ ಮೇಲೆ ನಿಂತಾಗ ಓಡುವ ಪುಟ್ಟ ವಿಡಿಯೋಗಳು ಚೆನ್ನಾಗಿರುತ್ತವೆ, ನಿಜ. ಆದರೆ 40 ಕೆಬಿ ಆಟಕ್ಕೆ ಹಲವು ಎಂಬಿಯ ವಿಡಿಯೋ! ಸಾವಿರಾರು ಆಟ ಇದ್ದರೆ ಇದೇ ಹಲವು ಜಿಬಿ. ನಾನು ಡಬ್ಬದ ಚಿತ್ರ ಉಳಿಸಿಕೊಂಡು ವಿಡಿಯೋ ತೆಗೆದಿದ್ದೇನೆ.

ಆರ್ಕೇಡ್ ಜಿಪ್‌ಗಳಲ್ಲಿ ಕೈ ಆಡಿಸುವಾಗ ಎಚ್ಚರ. ಒಂದೇ ಆಟದ ಬೇರೆ ಆವೃತ್ತಿಗಳು ಅನೇಕ ಸಲ ಮೂಲ ಆಟದ ಜಿಪ್ ಅನ್ನೇ ನೆಚ್ಚಿಕೊಂಡಿರುತ್ತವೆ. ಮೂಲ ತೆಗೆದರೆ ಉಳಿದವೂ ತೆರೆಯುವುದಿಲ್ಲ. 'ನಿಯೋಜಿಯೋ' ಎಂಬ ಜಿಪ್ (ಅದೇ ಹೆಸರಿನ ಆರ್ಕೇಡ್ ಯಂತ್ರದ ಸಿಸ್ಟಂ ಫೈಲ್) ಆಟವಲ್ಲ ಎಂದು ತೆಗೆದುಬಿಟ್ಟರೆ ಆ ಯಂತ್ರದ ಎಲ್ಲ ಆಟಗಳೂ ನಿಲ್ಲುತ್ತವೆ.

ಕಾಣದೆ ತಿನ್ನುವ ಜಾಗ

ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದು 'ಸೈಜ್' ಮತ್ತು 'ಸೈಜ್ ಆನ್ ಡಿಸ್ಕ್' ಎರಡನ್ನೂ ನೋಡಿ. ಎರಡನೆಯದು ತುಂಬಾ ದೊಡ್ಡದಿದ್ದರೆ ಕಾರಣ ಫಾರ್ಮ್ಯಾಟ್. ಎಕ್ಸ್‌ಫ್ಯಾಟ್ ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಕಾರ್ಡ್‌ಗಳು ಸಾಮಾನ್ಯವಾಗಿ ಜಾಗವನ್ನು 128 ಕೆಬಿಯ ಮನೆಗಳಾಗಿ ಹಂಚಿರುತ್ತವೆ. 40 ಕೆಬಿ ಆಟಕ್ಕೂ ಒಂದು ಪೂರ್ತಿ ಮನೆ. ಸಾವಿರಾರು ಪುಟ್ಟ ಚಿತ್ರಗಳಿದ್ದರೆ ನಷ್ಟ ಎದ್ದು ಕಾಣುತ್ತದೆ. ಎಲ್ಲವನ್ನೂ ಕಂಪ್ಯೂಟರ್‌ಗೆ ನಕಲಿಸಿಕೊಂಡು, 32 ಕೆಬಿ ಅಳತೆ ಆರಿಸಿ ಮತ್ತೆ ಫಾರ್ಮ್ಯಾಟ್ ಮಾಡಿ. ಕಾರ್ಡ್‌ನಲ್ಲೇ ಯಂತ್ರದ ಸಿಸ್ಟಂ ಇದ್ದರೆ ಆ ಭಾಗ ಮಾತ್ರ ಮುಟ್ಟಬೇಡಿ. ಫ್ಯಾಟ್32 ಬೇಡ, 4 ಜಿಬಿ ದಾಟಿದ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಅಂದಹಾಗೆ, 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59.6 ಎಂದು ತೋರಿಸಿದರೆ ಗಾಬರಿ ಬೇಡ. ಎಣಿಸುವ ರೀತಿ ಬೇರೆ, ಅಷ್ಟೇ.

ಈಗ ಎಲ್ಲವನ್ನೂ ಕಾರ್ಡ್‌ಗೆ ಮರಳಿಸಿ, ಸೇವ್ ಫೈಲ್‌ಗಳನ್ನು ಮೊದಲು. ಪ್ರತಿ ಯಂತ್ರದ ಒಂದೊಂದು ಆಟ ತೆರೆದು, ಹಳೆಯ ಸೇವ್‌ನಿಂದ ಮುಂದುವರಿಯುತ್ತದೆಯೇ ನೋಡಿ. ಮುಂದುವರಿದರೆ ಕಂಪ್ಯೂಟರ್‌ನಲ್ಲಿ ಉಳಿದಿರುವ ಬಿನ್, ಕ್ಯೂ, ಐಎಸ್‌ಒ ಫೈಲ್‌ಗಳನ್ನು ಅಳಿಸಬಹುದು.