ಬೋಳಾದ ಹುಲ್ಲುಹಾಸಿನಲ್ಲಿ ಮತ್ತೆ ಗರಿಕೆ ಬೆಳೆಸಿದ ಬಗೆ

ಮೈಸೂರಿನ ನಮ್ಮ ಮನೆಯ ಮುಂದಿನ ಹುಲ್ಲುಹಾಸು ಬೇಸಿಗೆ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಬೋಳಾಗಿತ್ತು. ನರ್ಸರಿಯಿಂದ ಹುಲ್ಲಿನ ಹಾಸು ತಂದು ಮುಚ್ಚಬಹುದಿತ್ತಾದರೂ, ಹುಲ್ಲು ಸತ್ತ ಕಾರಣವನ್ನು ತಿಳಿಯದೆ ಅದೇ ಜಾಗದಲ್ಲಿ ಮತ್ತೆ ಹುಲ್ಲು ಹಾಕುವುದರಲ್ಲಿ ಅರ್ಥವಿಲ್ಲವೆಂದು ಮೊದಲು ಮಣ್ಣನ್ನು ಪರೀಕ್ಷಿಸಿದೆ. ನೆಲ ಒದ್ದೆಯಿದ್ದಾಗ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿದರೆ, ಹಸಿರಿದ್ದ ಕಡೆ ಅದು ಸಲೀಸಾಗಿ ಇಳಿಯುತ್ತಿತ್ತು; ಗೇಟಿನಿಂದ ಮೆಟ್ಟಿಲಿನವರೆಗೆ ಎಲ್ಲರೂ ತುಳಿಯುವ ದಾರಿಯಲ್ಲಿ ಒಂದು ಅಂಗುಲವೂ ಇಳಿಯಲಿಲ್ಲ. ಅಗೆದು ನೋಡಿದಾಗ ಮನೆ ಕಟ್ಟಿದ ಕಾಲದ ಜಲ್ಲಿ, ಗಾರೆಯ ಚೂರುಗಳು ಸಿಕ್ಕವು. ಮಾವಿನ ಮರದಡಿ ಮಣ್ಣು ಚೆನ್ನಾಗಿಯೇ ಇತ್ತು, ಆದರೆ ಬಿಸಿಲು ಬೀಳುತ್ತಿರಲಿಲ್ಲ.

ನಮ್ಮಲ್ಲಿರುವುದು ಗರಿಕೆ, ಗಣಪತಿಯ ಪೂಜೆಗೆ ಕೀಳುವ ಹುಲ್ಲಿನದೇ ಜಾತಿ. ಅದರ ಬಳ್ಳಿ ನೆಲದ ಮೇಲೂ ಒಳಗೂ ಹಬ್ಬಿ ಗೆಣ್ಣುಗಳಲ್ಲಿ ಬೇರು ಬಿಡುವುದರಿಂದ, ಇಂತಹ ಹಾಸಿನ ರಿಪೇರಿಗೆ ಅದರದೇ ಅಂಚಿನ ಬಳ್ಳಿಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೇರೆ ಜಾತಿಯ ಹಾಸು ತಂದು ತೇಪೆ ಹಾಕಿದರೆ ಬಣ್ಣವೂ ಎಲೆಯ ಅಗಲವೂ ಹೊಂದುವುದಿಲ್ಲ.

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬೋಳು ಜಾಗವನ್ನು ಸುಮಾರು ಆರು ಅಂಗುಲ ಆಳಕ್ಕೆ ಅಗೆದು, ಕಲ್ಲು ಆರಿಸಿ, ಜರಡಿ ಹಿಡಿದ ಕೆಮ್ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿದೆ. ಹೆಚ್ಚು ಶ್ರಮ ಬೇಡಿದ್ದು ಜೇಕು ಎಂಬ ಕಳೆ. ಅದನ್ನು ಕೈಯಲ್ಲಿ ಎಳೆದರೆ ಎಲೆಯಷ್ಟೇ ಬಂದು ಗಡ್ಡೆ ಒಳಗೇ ಉಳಿಯುತ್ತದೆ. ಸಣ್ಣ ಹಾರೆಯಿಂದ ಮಣ್ಣನ್ನು ಮೆಲ್ಲಗೆ ಸಡಿಲಿಸಿದಾಗ ಕಪ್ಪು ಗಡ್ಡೆಗಳು ತಂತಿಯಂಥ ಬೇರಿನಲ್ಲಿ ಒಂದರ ಹಿಂದೊಂದು ಹೊರಬಂದವು. ಕೊನೆಯ ಗಡ್ಡೆಯವರೆಗೂ ಬಿಡದೆ ತೆಗೆಯಬೇಕು.

ಬಳ್ಳಿಗಳನ್ನು ಎರಡು ಮೂರು ಗೆಣ್ಣುಗಳಿರುವಂತೆ ಕತ್ತರಿಸಿ, ನಾಲ್ಕು ಬೆರಳಿನ ಅಂತರದಲ್ಲಿ, ಕನಿಷ್ಠ ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗಿ ತುದಿ ಮೇಲಿರುವಂತೆ ನೆಟ್ಟು ಒತ್ತಿದೆ. ತುಂಡುಗಳು ಒಣಗದಂತೆ ನೆಡುವವರೆಗೆ ಒದ್ದೆ ಗೋಣಿಯಲ್ಲಿ ಮುಚ್ಚಿಡುವುದು ಮುಖ್ಯ. ಮಳೆ ಬಾರದ ದಿನ ಬೆಳಿಗ್ಗೆ ಸಂಜೆ ತೆಳುವಾಗಿ ನೀರು ಚಿಮುಕಿಸಿದೆ. ಕೆಲವು ದಿನಗಳ ನಂತರ ಒಂದು ತುಂಡನ್ನು ಮೆಲ್ಲಗೆ ಎತ್ತಿ ನೋಡಿದರೆ ಗೆಣ್ಣಿನ ಬುಡದಲ್ಲಿ ದಾರದಂಥ ಬಿಳಿ ಬೇರುಗಳು ಮಣ್ಣನ್ನು ಹಿಡಿದಿದ್ದವು. ಅಲ್ಲಿಂದ ಮುಂದೆ ನೀರಿನ ಸರದಿ ಕಡಿಮೆ ಮಾಡಿ, ಕೊಟ್ಟಾಗ ಆಳಕ್ಕೆ ಇಳಿಯುವಷ್ಟು ಕೊಟ್ಟೆ. ಹುಲ್ಲು ನೆಲ ಮುಚ್ಚಿದ ಮೇಲಷ್ಟೇ ಕತ್ತರಿಸಿದೆ, ಅದೂ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲದಂತೆ.

ತುಳಿದಾಟದ ದಾರಿಯಲ್ಲಿ ಚಪ್ಪಡಿ ಕಲ್ಲುಗಳನ್ನು ಹಾಸಿ ಅವುಗಳ ಸಂದಿಯಲ್ಲಿ ಮಾತ್ರ ಗರಿಕೆ ನೆಟ್ಟೆ. ಗರಿಕೆ ನೆರಳನ್ನು ತಾಳದ ಕಾರಣ ಮಾವಿನ ಮರದಡಿ ಹುಲ್ಲು ಬೆಳೆಸುವ ಯೋಚನೆ ಬಿಟ್ಟು, ಅಲ್ಲಿ ಉದುರಿದ ಎಲೆಗಳನ್ನೇ ಹೊದಿಕೆಯಾಗಿ ಹರಡಿದ್ದೇನೆ.