ಓಟ್ಸ್ ಹೊಟ್ಟಿನ ಸೋವನ್ಸ್: ನನ್ನ ಅನುಭವ

ಕೊನೆಗೂ ಸೋವನ್ಸ್ ಸರಿಯಾಗಿ ಬಂತು. ಓಟ್ಸ್ ಹೊಟ್ಟನ್ನು ನೆನೆಸಿ ಹುಳಿ ಬರಿಸಿ ಕಾಯಿಸುವ ಸ್ಕಾಟ್ಲೆಂಡಿನ ಹಳೇ ಗಂಜಿ ಇದು. ಅಬರ್ಡೀನ್‌ನಲ್ಲಿ ಇದ್ದುಕೊಂಡು ಇದನ್ನು ಮನೆಯಲ್ಲೇ ಮಾಡುತ್ತೇನೆ ಅಂದಾಗ ಪಕ್ಕದ ಮನೆಯ ಸ್ಕಾಟಿಷ್ ಅಜ್ಜಿಯೇ ನಂಬಲಿಲ್ಲ. ಅವರ ತಾಯಿಯ ಕಾಲಕ್ಕೇ ನಿಂತುಹೋದ ಅಡುಗೆಯಂತೆ. ನಮ್ಮ ಮನೆಯವರಂತೂ ಪಾತ್ರೆ ಕಂಡರೆ ಮೂಗು ಮುಚ್ಚುತ್ತಿದ್ದರು.

ಡಬ್ಬಿಯ ಓಟ್ಸ್‌ನಲ್ಲಿ ನನಗೆ ಇದು ಬರಲೇ ಇಲ್ಲ. ಅದು ಹಬೆ ಹಿಡಿಸಿ ಚಪ್ಪಟೆ ಮಾಡಿದ್ದು. ನೆನೆಸಿದರೆ ನೀರೆಲ್ಲ ಲೋಳೆಯಾಗುತ್ತದೆ, ಗಸಿ ತಳಕ್ಕೆ ಇಳಿಯುವುದಿಲ್ಲ. ಹಾಗೇ ಚೆಲ್ಲಿದ್ದರಲ್ಲಿ ಹತ್ತಿರ ಹತ್ತಿರ 20 ಪೌಂಡ್ ಹೋಯಿತು. ಬೇಕಾದದ್ದು ಸಿಡ್ಸ್: ಓಟ್ಸ್ ಬೀಸಿದಾಗ ಉಳಿಯುವ ಒಳಹೊಟ್ಟು, ಹಿಟ್ಟು ಅಂಟಿಕೊಂಡೇ ಇರುವಂಥದ್ದು. ಗಿರಣಿಯೊಂದರಲ್ಲಿ ದನದ ಮೇವಿನ ಲೆಕ್ಕದಲ್ಲಿ ಚೀಲಕ್ಕೆ 4-5 ಪೌಂಡ್‌ಗೆ ಸಿಕ್ಕಿತು. ತರಿಸಿದ ಖರ್ಚು ಅದರ ಎರಡರಷ್ಟು!

ಅರ್ಧ ಕೆಜಿ ಸಿಡ್ಸ್‌ಗೆ ಸುಮಾರು 2 ಲೀಟರ್ ಉಗುರುಬೆಚ್ಚಗಿನ ನೀರು. ಬೇಸಿಗೆಯಾದರೆ ವಾರದಲ್ಲಿ ಹುಳಿ ಬರುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ ದಿನ. ಜಾಸ್ತಿ ಕೆಟ್ಟದ್ದು ಈ ಹಂತದಲ್ಲೇ. ನಮ್ಮ ಅಡುಗೆಮನೆ 14-15 ಡಿಗ್ರಿ. ಹುಳಿ ಏಳುವ ಮೊದಲೇ ತೇಲುವ ಹೊಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು, ಪಾತ್ರೆಗಟ್ಟಲೆ ಚೆಲ್ಲಬೇಕಾಯಿತು. ಕೊನೆಗೆ ಹೊಟ್ಟಿನ ಮೇಲೆ ತಟ್ಟೆ ಒತ್ತಿ, ಅದರ ಮೇಲೆ ತೊಳೆದ ಕಲ್ಲು ಹೇರಿ ಪೂರ್ತಿ ಮುಳುಗಿಸಿದೆ. ಪಾತ್ರೆ ಬಾಯ್ಲರ್ ಪಕ್ಕಕ್ಕೆ ಹೋಯಿತು. ಹೆಪ್ಪಿಗೆ ನಾನು ಏನು ಸೇರಿಸುತ್ತೇನೆ ಅನ್ನುವುದನ್ನು ಮಾತ್ರ ಈಗಲೇ ಹೇಳಲಾರೆ.

ಹುಳಿ ಬಂದ ಮೇಲೆ ಸೋಸಿ, ಹಿಂಡಿ, ಗೋಧಿ ಹಾಲಿನ ಸಂಡಿಗೆಗೆ ಬಿಡುವ ಹಾಗೆ ಕದಲಿಸದೆ ಬಿಡಬೇಕು. ಮಾರನೆಯ ದಿನ ನೋಡಿದರೆ ತಳದಲ್ಲಿ ಬೆಳ್ಳನೆಯ ಗಸಿ, ಬೆರಳು ಒತ್ತಿದರೆ ಗುರುತು ನಿಲ್ಲುವಷ್ಟು ಗಟ್ಟಿ. ಮೇಲಿನ ತಿಳಿಗೆ ಸ್ವಾಟ್ಸ್ ಅನ್ನುತ್ತಾರೆ, ಅದನ್ನು ಕುಡಿಯುತ್ತಿದ್ದರು, ಸುಮ್ನೆ ಚೆಲ್ಲಬೇಡಿ. ಒಂದು ಪಾಲು ಗಸಿಗೆ ಎರಡು ಪಾಲು ನೀರು, ಉಪ್ಪು. ಒಲೆಯ ಮೇಲೆ ಹತ್ತು ನಿಮಿಷ ಕೈಬಿಡದೆ ತಿರುವಿದರೆ ಗಂಟಿಲ್ಲದೆ ನಯವಾಗಿ, ಹೊಳಪು ಬಂದು ಗಟ್ಟಿಯಾಗುತ್ತದೆ. ಅಜ್ಜಿ ಎರಡು ಬಟ್ಟಲು ಹಾಕಿಸಿಕೊಂಡರು! ಈ ಸೀಮೆಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಸೋವನ್ಸ್ ರಾತ್ರಿ ಅಂತಲೇ ಹೆಸರಿತ್ತು. ತೆಳ್ಳಗೆ ಕಾಯಿಸಿ, ಸಿಹಿ ಬೆರೆಸಿ, ವಿಸ್ಕಿ ಹಾಕಿ ಕುಡಿಯುತ್ತಿದ್ದರು.

ಉಳಿದ ಸ್ವಾಟ್ಸ್‌ನಲ್ಲಿ ರವೆ ಕಲಸಿ ದೋಸೆ ಹುಯ್ದೆ. ಅಂಚು ಗರಿಗರಿ, ಮಜ್ಜಿಗೆ ಹಾಕಿದ್ದಕ್ಕಿಂತ ರುಚಿ. ಸಂಡಿಗೆ ಮಾತ್ರ ಕೈಕೊಟ್ಟಿತು. ಇಲ್ಲಿನ ಬಿಸಿಲು ಸಾಲದು ಅಲ್ವಾ, ಓವನ್‌ನಲ್ಲಿ 50 ಡಿಗ್ರಿಗೆ ರಾತ್ರಿಯೆಲ್ಲ ಇಟ್ಟರೆ ಒಡೆದು ಚೂರಾಯಿತು, ಕರೆಂಟ್ ಬಿಲ್ ಬೇರೆ. ಮುಂದಿನ ಸಲ ಗಸಿ ಇನ್ನಷ್ಟು ಬೇಯಿಸಿ, ಜೀರಿಗೆ ಹಾಕಿ, ತೆಳ್ಳಗೆ ಹರಡಿ ನೋಡುತ್ತೇನೆ. ಸಿಡ್ಸ್ ಇನ್ನೂ ಅರ್ಧ ಚೀಲ ಇದೆ.